ಸಂಘದ ಅತಿ ತೆಳ್ಳನೆಯ ಮನುಷ್ಯ

ಪರಪ್ಪನನ್ನು ಆರೋಗ್ಯದ ಕೆಲಸಕ್ಕೆ ನೇಮಿಸಿದ್ದಕ್ಕೆ ಒಂದೇ ಕಾರಣವಿತ್ತು. ಇಡೀ ಸಂಘದಲ್ಲಿ ಅವನಷ್ಟು ತೆಳ್ಳಗಿನವರು ಬೇರೆ ಯಾರೂ ಇರಲಿಲ್ಲ.

ಸಂಘವೆಂದರೆ ಡೋಣಿ ನದಿತೀರ ಬೀಜ-ಗೊಬ್ಬರ ಮಾರಾಟ ಸಹಕಾರಿ ಸಂಘ. ಮುಖ್ಯ ಕಚೇರಿ ಸಿಂದಗಿಯಲ್ಲಿ. ಶಾಖೆಗಳು ಇಂಡಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯಲ್ಲಿ. ಗುಮಾಸ್ತರು, ಗೋದಾಮಿನವರು, ಹಮಾಲರು ಎಲ್ಲ ಸೇರಿದರೆ ಮದುವೆಮನೆಯ ಒಂದು ಪಂಕ್ತಿಯಷ್ಟು ಜನ. ೨೦೦೪ರ ಬೇಸಿಗೆಯಲ್ಲಿ ಅಧ್ಯಕ್ಷ ಸಂಗಣ್ಣನವರು ಸಹಕಾರಿ ಮುಖಂಡರ ತರಬೇತಿಗೆಂದು ಪುಣೆಗೆ ಹೋದರು. ಅದಕ್ಕಿಂತ ಹಿಂದಿನ ತರಬೇತಿಯಿಂದ ಬರುವಾಗ ಅವರು ಕಂಪ್ಯೂಟರ್ ತಂದಿದ್ದರು. ಅದು ಇನ್ನೂ ಕಚೇರಿಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿತ್ತು. ಈ ಸಲ ಅವರು ಆರೋಗ್ಯ ತಂದರು.

ಬಂದ ಮರುದಿನವೇ ಸಿಬ್ಬಂದಿಯ ಸಭೆ ಕರೆದರು. ಸಂಗಣ್ಣನವರು ದೊಡ್ಡ ಆಳು. ಕುರ್ಚಿಯಲ್ಲಿ ಕುಳಿತರೆ ಕುರ್ಚಿ ಕಾಣುತ್ತಿರಲಿಲ್ಲ.

"ಪುಣಾದಾಗ ತೆರಿ ಮ್ಯಾಲೆ ಚಿತ್ರ ಹಚ್ಚಿ ತೋರಿಸಿದ್ರು," ಅಂದರು. "ನೌಕರ ಗಟ್ಟಿ ಇದ್ರ ಸಂಸ್ಥೆ ಗಟ್ಟಿ ಇರತೈತಿ. ದೊಡ್ಡ ದೊಡ್ಡ ಕಂಪನ್ಯಾಗ ಮುಂಜಾನಿ ಎಲ್ಲಾರೂ ಕೂಡಿ ನಡೀತಾರ, ಯೋಗಾ ಮಾಡ್ತಾರ, ಆಮ್ಯಾಲೆ ಕೆಲಸಾ ಸುರು. ನಮ್ಮ ಸಂಘದಾಗೂ ನಾಳಿಂದ ಹಂಗ. ಇದನ್ನ ನೋಡಕೊಳ್ಳಾಕ ಒಬ್ಬ ಮನಷ್ಯಾ ಬೇಕು."

ಅವರ ಕಣ್ಣು ಸಭೆಯ ಮೇಲೆ ಹಾಯಿತು. ಮ್ಯಾನೇಜರ್ ರೇವಣಪ್ಪ ಹೊಟ್ಟೆಯನ್ನು ಮೇಜಿನ ಕೆಳಗೆ ಸರಿಸಿದ. ಗೋದಾಮು ನೋಡಿಕೊಳ್ಳುವ ಶಮಶುದ್ದೀನ ಉಸಿರು ಒಳಗೆಳೆದುಕೊಂಡು ಕುಳಿತ. ಅಧ್ಯಕ್ಷರ ಕಣ್ಣು ಹಿಂದಿನ ಸಾಲಿನಲ್ಲಿ ನಿಂತಿತು.

"ಪರಪ್ಪಾ, ಎದ್ದ ನಿಂದ್ರು."

ಹಿರಿಯ ಗುಮಾಸ್ತ ಪರಪ್ಪ ಎದ್ದು ನಿಂತ. ಅಂಗಿ ಗೂಟಕ್ಕೆ ತೂಗುಹಾಕಿದಂತೆ ಮೈಮೇಲೆ ಇಳಿಬಿದ್ದಿತ್ತು.

"ನೋಡ್ರಿ ಎಲ್ಲಾರೂ. ಈ ಮೈಯಾಗ ಎಲ್ಲೆರ ಒಂದ ಹಿಡಿ ಹೆಚ್ಚಿನ ಮಾಂಸ ಐತೇನು? ಇದಕ್ಕ ಅಂತಾರ ಆರೋಗ್ಯ!"

ಹೀಗೆ ಪರಪ್ಪ ನಾಲ್ಕು ತಾಲೂಕಿನ ಸಿಬ್ಬಂದಿಗೆ 'ಆರೋಗ್ಯ ಪ್ರೋತ್ಸಾಹಕ'ನಾದ. ಒಂದು ಬಿಳಿ ಟೊಪ್ಪಿಗೆ, ಕೊರಳಿಗೊಂದು ಸೀಟಿ, ಶಾಖೆಗಳಿಗೆ ತಿರುಗಾಡಲು ಬಸ್ಸಿನ ಖರ್ಚು. ಕೆಲಸವಿಷ್ಟೇ: ಜನರನ್ನು ಕರೆಯುವುದು, ಅವರು ಬರುವಂತೆ ಮಾಡುವುದು.

ಅವನಿಗೆ ಇದರಿಂದ ಆದ ಸಂತೋಷ ಯಾರಿಗೂ ಗೊತ್ತಾಗಲಿಲ್ಲ. ನಲವತ್ತಾರು ವರ್ಷದ ಆಯುಷ್ಯದಲ್ಲಿ ಪರಪ್ಪನ ಮಾತನ್ನು ಪೂರ್ತಿ ಕೇಳಿದವರು ಕಡಿಮೆ. ಕಚೇರಿಯಲ್ಲಿ ಅವನು ಒಂದು ವಾಕ್ಯ ಆರಂಭಿಸಿದರೆ ಬೇರೆಯವರು ಮುಗಿಸುತ್ತಿದ್ದರು. ಮನೆಯಲ್ಲಿ ಅವನು ಬಾಯಿ ತೆರೆದಾಗಲೇ ಹೆಂಡತಿ ಗುರವ್ವನಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು. ಈಗ ಅಧ್ಯಕ್ಷರೇ ಎಲ್ಲರೆದುರು ಅವನನ್ನು ನಿಲ್ಲಿಸಿ ತೋರಿಸಿದ್ದರು.

ಮೊದಲ ಮುಂಜಾನೆ ಆರಕ್ಕೆ ಸಂಘದ ಗೋದಾಮಿನ ಬಯಲಿಗೆ ಬಂದು ಸೀಟಿ ಊದಿದ. ವಾಚಮನ್ನನ ನಾಯಿ ಬಂತು. ಬೇರೆ ಯಾರೂ ಬರಲಿಲ್ಲ. ಮರುದಿನ ನಾಯಿಯೂ ಬರಲಿಲ್ಲ.

ಅವನು ರೇವಣಪ್ಪನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡು ಉಪ್ಪಿಟ್ಟಿಗೆ ಮಂಜೂರಾತಿ ತೆಗೆದುಕೊಂಡ. ನಡೆದವರಿಗೆ ನಾಷ್ಟಾ ಎಂದು ಸುದ್ದಿ ಹಬ್ಬಿಸಿದ. ಆ ಮುಂಜಾನೆ ಬಯಲು ತುಂಬಿತು. ಜನ ಗೊಬ್ಬರದ ಚೀಲಗಳ ಮೇಲೆ ಸಾಲಾಗಿ ಕುಳಿತರು. ಪರಪ್ಪ ಒಬ್ಬನೇ ಬಯಲು ಸುತ್ತಿದ. ಅವನು ಸುತ್ತು ಮುಗಿಸುವಷ್ಟರಲ್ಲಿ ಪಾತ್ರೆಯ ತಳ ಕಂಡಿತ್ತು.

"ಪರಪ್ಪಣ್ಣಾ," ಎಂದ ಶಮಶುದ್ದೀನ ಕೈ ತೊಳೆಯುತ್ತ. "ಈ ಕಾರ್ಯಕ್ರಮ ನನಗ ಭಾಳ ಸೇರಿತು ನೋಡ್ರಿ. ನಾಳಿಗಿ ಜರಾ ಶಿರಾನೂ ಇರಲಿ."

"ನೀವು ನಡೀಬೇಕ್ರಿ ಭಾಯ್."

"ನಡದs ಬಂದೇನಲ್ರಿ ಮನಿಯಿಂದ."

ಹಮಾಲರ ಮುಖಂಡ ಖಂಡೆಪ್ಪ ಇನ್ನೂ ನೇರ. "ನಾವು ದಿನಾ ಚೀಲಾ ಹೊರ್ತೇವ್ರಿ. ಮತ್ತ ಕೈ ಮ್ಯಾಲೆತ್ತು, ಬಗ್ಗು ಅಂದ್ರ ಅದಕ್ಕ ಬ್ಯಾರೆ ಪಗಾರ ಕೊಡಸ್ರಿ."

ಆ ವಾರವೇ ಪರಪ್ಪ ಜಯಮಾಲಾಳ ಮೇಜಿನ ಹತ್ತಿರ ಹೋದ. ಜಯಮಾಲಾ ಕಿರಿಯ ಗುಮಾಸ್ತೆ. ಕನ್ನೊಳ್ಳಿಯಿಂದ ದಿನಾ ಬಸ್ಸಿಗೆ ಬರುವವಳು. ಉಪ್ಪಿಟ್ಟಿಗೂ ಬಾರದವಳು ಅವಳೊಬ್ಬಳೇ.

"ಬಾಯಾರ, ನೀವು ಒಂದ ದಿನಾನೂ ಬರಲಿಲ್ಲ."

"ಎಷ್ಟಕ್ಕ ಬರಬೇಕ್ರಿ?"

"ಆರಕ್ಕ."

"ಆರಕ್ಕ ನಾ ಒಲಿ ಮುಂದ ಇರ್ತೇನ್ರಿ. ರೊಟ್ಟಿ ಬಡಿಬೇಕು, ಅತ್ತಿಗಿ ನೀರ ಕಾಸಬೇಕು, ಹುಡುಗೂರ್ನ ಸಾಲಿಗಿ ಕಳಸಬೇಕು. ಆಮ್ಯಾಲೆ ಬಸ್ಸಿಗಿ ನಿಂದ್ರಬೇಕು. ಬಸ್ಸಿನ್ಯಾಗೂ ನಿಂತs ಬರ್ತೇನಿ." ಅವಳು ತಲೆ ಎತ್ತಲಿಲ್ಲ. ರಸೀದಿ ಪುಸ್ತಕದಿಂದ ಪಾವತಿ ಹರಿಯುತ್ತಲೇ ಹೇಳಿದಳು. "ನನಗ ಆರೋಗ್ಯ ಬರಬೇಕಂದ್ರ ಒಂದ ತಾಸು ಕುಂದ್ರಾಕ ಬಿಡ್ರಿ. ಸಾಕು."

ಅಧ್ಯಕ್ಷರು ಪುಣೆಯಿಂದ ತಂದ ಕಾಗದಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಪರಪ್ಪ ತನ್ನ ಮೇಜಿಗೆ ಹೋಗಿ, ಒಂದು ತಂಬಿಗೆ ನೀರು ಕುಡಿದು, ಬಹಳ ಹೊತ್ತು ಯೋಚಿಸಿದ. ಆಮೇಲೆ ತನ್ನ ಜನ್ಮದಲ್ಲೇ ಮೊದಲ ಸಲ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದ. ಹಿಂದಿನ ಕೋಣೆಯಲ್ಲಿದ್ದ ಹಳೆಯ ಬೀಜದ ಚೀಲಗಳನ್ನು ತೆಗೆಸಿ, ನೆಲ ಬಳಿಸಿ, ಜಮಖಾನೆ ಹಾಸಿದ. ಮಧ್ಯಾಹ್ನದ ಬಿಡುವಿನಲ್ಲಿ ಹೆಣ್ಣುಮಕ್ಕಳಿಗೆ ಅಲ್ಲಿ ಆರೋಗ್ಯ ಕಾರ್ಯಕ್ರಮ ಎಂದು ಸಾರಿದ.

"ಅಲ್ಲಿ ಏನ ಮಾಡಬೇಕ್ರಿ?" ಎಂದು ಕೇಳಿದಳು ಜಯಮಾಲಾ ಅನುಮಾನದಿಂದ.

"ಕುಂದ್ರಬೇಕು. ಕಣ್ಣ ಮುಚ್ಚಬೇಕು. ಉಸರಾಡಬೇಕು."

ಜಯಮಾಲಾ ಹೋದಳು. ಕಸ ಹೊಡೆಯುವ ರೇವವ್ವನೂ ಹೋದಳು. ಇಬ್ಬರೂ ಕುಳಿತರು, ಕಣ್ಣು ಮುಚ್ಚಿದರು, ಗೋಡೆಗೆ ಒರಗಿದರು, ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಪರಪ್ಪ ಬಾಗಿಲನ್ನು ಸಪ್ಪಳವಾಗದಂತೆ ಮುಂದೆ ಎಳೆದ. ಅಧ್ಯಕ್ಷರು ಕೇಳಿದಾಗ ಧ್ಯಾನ ಎಂದು ಹೇಳಿದ. ಅಧ್ಯಕ್ಷರಿಗೆ ಆನಂದವಾಯಿತು.

ಗಂಡಸರ ವಿಷಯದಲ್ಲೂ ಅವನಿಗೆ ದಾರಿ ಹೊಳೆಯಿತು. ಬಯಲಿನಲ್ಲಿ ಸೇರಿದಾಗ ಎಲ್ಲರಿಗೂ ಮ್ಯಾನೇಜರನನ್ನು ಬಯ್ಯುವ ಆಸೆ ಇದೆ; ಉಪ್ಪಿಟ್ಟಿಗೆ ಮ್ಯಾನೇಜರನೂ ಬರುವುದರಿಂದ ಬಯ್ಯಲಾಗುತ್ತಿಲ್ಲ. ಪರಪ್ಪ ರೇವಣಪ್ಪನ ಹತ್ತಿರ ಹೋಗಿ, ದೊಡ್ಡ ಹುದ್ದೆಯವರು ಕಿರಿಯರ ಜೊತೆ ಬೆವರಿದರೆ ಮರ್ಯಾದೆ ಉಳಿಯುವುದಿಲ್ಲ, ತಾವು ಮನೆಯಲ್ಲೇ ಯೋಗ ಮಾಡಬೇಕು ಎಂದು ಬಿನ್ನವಿಸಿಕೊಂಡ. ರೇವಣಪ್ಪ ಅಂದಿನಿಂದ ಮನೆಯಲ್ಲಿ ಮಲಗಿದ. ಇತ್ತ ಬಯಲಿನಲ್ಲಿ ಜನ ಹೆಚ್ಚಿದರು. ವರ್ಗಾವಣೆ, ಬಡ್ತಿ, ಯಾರದೋ ಮಗಳ ಮದುವೆ, ರೇವಣಪ್ಪನ ಜುಗ್ಗತನ, ಮಾತಾಡುತ್ತ ಮಾತಾಡುತ್ತ ಸುತ್ತು ಸುತ್ತಿದರು. ಉಪ್ಪಿಟ್ಟು ನಿಂತ ಮೇಲೂ ಬಂದರು. ಖಂಡೆಪ್ಪನೂ ಬಂದ, ನಡೆಯಲಿಕ್ಕಲ್ಲ, ಕೇಳಲಿಕ್ಕೆ.

ಪರಪ್ಪನಿಗೆ ಮಾತು ಬಂತು. ಇಂಡಿಯಲ್ಲಿ, ಮುದ್ದೇಬಿಹಾಳದಲ್ಲಿ, ಬಾಗೇವಾಡಿಯಲ್ಲಿ ನಿಂತು ಭಾಷಣ ಮಾಡಿದ. ಅವನ ಭಾಷಣದ ಅರ್ಧ ನೀರಿನ ಬಗ್ಗೆ ಇರುತ್ತಿತ್ತು. "ನೀರ ಕುಡೀರಿ. ನಾ ನೋಡ್ರಿ, ತಂಬಿಗಿ ಮ್ಯಾಲೆ ತಂಬಿಗಿ ಕುಡಿತೇನಿ. ಮೈಯಾನ ಹೊಲಸ ಎಲ್ಲಾ ಹೊರಗ ಹೋಗತೈತಿ. ದಿನಕ್ಕ ಎಷ್ಟ ಸಲ ಎದ್ದ ಹೋಗ್ತೇನಿ ಅನ್ನೂದರ ಮ್ಯಾಲೆ ಆರೋಗ್ಯ ಐತಿ." ಹಾಗೆನ್ನುತ್ತ ಭಾಷಣದ ನಡುವೆಯೇ ಹಿತ್ತಲಿಗೆ ಹೋಗಿಬರುತ್ತಿದ್ದ. ಮಾತಿಗೆ ತಕ್ಕ ನಡತೆ ಎಂದು ಜನ ಮೆಚ್ಚಿದರು. ಇಂಡಿಯ ಶಾಖೆಯಲ್ಲಿ ಒಬ್ಬೊಬ್ಬರ ಮೇಜಿನ ಮೇಲೂ ತಂಬಿಗೆ ಬಂತು.

ಅವನು ಇನ್ನೂ ತೆಳ್ಳಗಾದ. ಮಳೆಗಾಲ ಮುಗಿಯುವ ಹೊತ್ತಿಗೆ ಟೊಪ್ಪಿಗೆಯ ಕೆಳಗೆ ಮೂಗು ಮತ್ತು ಗಂಟಲಮಣಿ ಮಾತ್ರ ಎದ್ದು ಕಾಣುತ್ತಿದ್ದವು. ಸಂಗಣ್ಣನವರು ಅವನನ್ನು ಎಲ್ಲಿ ಕಂಡರೂ ಬೆನ್ನು ತಟ್ಟಿ, "ನೋಡ್ರಿ, ಬರೇ ನಡಿಗಿ ಮ್ಯಾಲೆ ಮನಷ್ಯಾ ಹೆಂಗ ಕರಗ್ಯಾನ!" ಎನ್ನುತ್ತಿದ್ದರು. ತಟ್ಟಿದ ರಭಸಕ್ಕೆ ಪರಪ್ಪ ಎರಡು ಹೆಜ್ಜೆ ಮುಂದೆ ಹೋಗುತ್ತಿದ್ದ.

ಗುರವ್ವನಿಗೆ ಮಾತ್ರ ಇದು ಸರಿ ಕಾಣಲಿಲ್ಲ. ಗಂಡ ಬುಟ್ಟಿಯಲ್ಲಿದ್ದ ರೊಟ್ಟಿಯೆಲ್ಲ ತಿನ್ನುತ್ತಿದ್ದ, ಮತ್ತೆ ಬಡಿಯಲು ಹೇಳುತ್ತಿದ್ದ, ಆದರೂ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

"ಏನ್ರಿ, ಒಮ್ಮೆ ದವಾಖಾನಿಗಿ ತೋರಿಸ್ಕೊಂಡ ಬರ್ರಿ," ಎಂದಳು ಒಂದು ಸಂಜೆ, ಅವನ ಪ್ಯಾಂಟಿಗೆ ಲಾಡಿ ಹೊಲಿಯುತ್ತ. "ತಿಂದದ್ದೆಲ್ಲಾ ಎಲ್ಲಿ ಹೊಕ್ಕೈತಿ?"

"ನಿನಗ ತಿಳ್ಯೂದಿಲ್ಲ. ನಡಿಗ್ಯಾಗ ಕರಗ್ತೈತಿ."

"ಕಣ್ಣ ಮಂಜ ಆಗ್ಯಾವ ಅಂತಿದ್ರಿ?"

"ವಯಸ್ಸಾತು, ಕಣ್ಣಿಗಿ ಚಾಳೀಸ ಹಾಕ್ಕೋಬೇಕು." ಅವನು ದನಿ ತಗ್ಗಿಸಿದ. "ಗುರವ್ವಾ, ನಾಕ ತಾಲೂಕಿನ ಮಂದಿ ನನ್ನ ನೋಡಿ ನಡ್ಯಾಕತ್ತಾರ. ನಾನs ದವಾಖಾನ್ಯಾಗ ಕುಂತದ್ದ ಯಾರರ ನೋಡಿದ್ರ ಏನ ಅಂದಾರು?"

ಗುರವ್ವ ದಾರವನ್ನು ಹಲ್ಲಿನಿಂದ ಕಡಿದು, ಪ್ಯಾಂಟನ್ನು ಅವನ ಕಡೆ ಎಸೆದಳು.

ಸಂಘದ ವಾರ್ಷಿಕೋತ್ಸವ ಬಂತು. ಈ ಸಲ ಸಿಂದಗಿಯ ಗೋದಾಮಿನ ಬಯಲಿನಲ್ಲಿ ಶಾಮಿಯಾನ ಹಾಕಿಸಿ, ಸಿಬ್ಬಂದಿಗೆಲ್ಲ ಆರೋಗ್ಯ ತಪಾಸಣೆ ಎಂದು ಅಧ್ಯಕ್ಷರು ಗೊತ್ತುಮಾಡಿದರು. ಸಂಜೆ ಸಭೆಯಲ್ಲಿ ಪರಪ್ಪನಿಗೆ 'ಆರೋಗ್ಯ ರತ್ನ' ಎಂಬ ಬಿರುದು. ವಿಜಾಪುರದಿಂದ ಡಾಕ್ಟರ್ ಶೈಲಶ್ರೀ ಎಂಬ ತರುಣಿ ಇಬ್ಬರು ನರ್ಸುಗಳೊಂದಿಗೆ ಒಂದು ಪೆಟ್ಟಿಗೆ ತುಂಬ ಸಾಮಾನು ತಂದರು. ಅದರಲ್ಲಿ ಒಂದು ಅಂಗೈಯಗಲದ ಮಶೀನು. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೋರಿಸಿದರೆ ಅದು ಒಳಗಿನ ಸಕ್ಕರೆ ಹೇಳುತ್ತದೆ ಎಂದರು ಡಾಕ್ಟರು.

ನಾಲ್ಕೂ ತಾಲೂಕಿನ ಜನ ಶಾಮಿಯಾನದ ಕೆಳಗೆ ಕುಳಿತಿದ್ದರು. ಯಾರೂ ಏಳಲಿಲ್ಲ.

"ಬ್ಯಾನಿ ಇಲ್ಲದಾಗ ಸೂಜಿ ಯಾಕ್ರಿ?" ಎಂದ ಖಂಡೆಪ್ಪ. ಕ್ವಿಂಟಲ್ ಚೀಲ ಒಂದೇ ಹೆಗಲಿನಲ್ಲಿ ಹೊರುವ ಆಳು ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡಿದ್ದ.

"ಅಧ್ಯಕ್ಷರು ಮೊದಲ ಮಾಡಿಸಲಿ," ಎಂದು ಹಿಂದಿನಿಂದ ಯಾರೋ ಕೂಗಿದರು.

ಸಂಗಣ್ಣನವರು ಕೆಮ್ಮಿದರು. "ನಾ ಊಟಾ ಮಾಡಿ ಬಂದೇನಿ. ಊಟಾ ಆದ ಮ್ಯಾಲೆ ನಡ್ಯೂದಿಲ್ಲ. ಹೌದಲ್ರಿ ಡಾಕ್ಟರ?" ಡಾಕ್ಟರು ನಡೆಯುತ್ತದೆ ಎಂದು ಹೇಳುವಷ್ಟರಲ್ಲಿ ಅವರು ತಿರುಗಿ, "ಪರಪ್ಪಾ!" ಎಂದು ಕರೆದರು.

ಪರಪ್ಪ ಸೀಟಿಯನ್ನು ಸರಿಮಾಡಿಕೊಂಡು ಮುಂದೆ ಬಂದ. ಇದು ಅವನ ಕೆಲಸ. ಜನರನ್ನು ನೋಡಿ ಹೇಳಿದ: "ಅಂಜಬ್ಯಾಡ್ರಿ. ಇರಿವಿ ಕಚ್ಚಿದಷ್ಟೂ ಆಗೂದಿಲ್ಲ. ನನ್ನ ಬಳ್ಳ ನೋಡ್ರಿ, ಆಮ್ಯಾಲೆ ನಿಮ್ಮದ ಕೊಡ್ರಿ." ಅಂದು ಬೆರಳು ಚಾಚಿದ.

ನರ್ಸು ಚುಚ್ಚಿದಳು. ಹನಿ ಮೂಡಿತು. ಮಶೀನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೀಂ ಎಂದಿತು. ಸಂಗಣ್ಣನವರು ಬಗ್ಗಿ ನೋಡಿದರು. ಅಂಕಿ ಇರಲಿಲ್ಲ. ಎಚ್, ಐ ಎಂಬ ಎರಡು ಇಂಗ್ಲಿಷ್ ಅಕ್ಷರ ಇದ್ದವು. ಅವರು ಕೂಡಿಸಿ ಓದಿದರು.

"ಹಾಯ್!" ಎಂದು ಕೂಗಿದರು. "ಮಶೀನs ನಮ್ಮ ಪರಪ್ಪಗ ಹಾಯ್ ಅಂತೈತಿ ನೋಡ್ರಿ! ಆರೋಗ್ಯದ ಮನಷ್ಯಾನ ರಕ್ತ ಮಶೀನಿಗೂ ಗುರ್ತ ಹತ್ತೈತಿ!"

ಜನ ಚಪ್ಪಾಳೆ ತಟ್ಟಿದರು. ಪರಪ್ಪ ಟೊಪ್ಪಿಗೆ ಎತ್ತಿ ಮಶೀನಿಗೂ ಜನರಿಗೂ ನಮಸ್ಕಾರ ಮಾಡಿದ. ಮಶೀನು ತಮಗೂ ಹಾಯ್ ಅನ್ನುತ್ತದೋ ಇಲ್ಲವೋ ನೋಡುವ ಕುತೂಹಲಕ್ಕೆ ಜನ ಎದ್ದರು. ಮೊದಲು ಮುದ್ದೇಬಿಹಾಳದವರು, ಆಮೇಲೆ ಇಂಡಿಯವರು, ಕೊನೆಗೆ ಖಂಡೆಪ್ಪನ ಹಮಾಲರೂ ಸಾಲಿಗೆ ನಿಂತರು. ಸಾಲು ಶಾಮಿಯಾನ ದಾಟಿ ಗೇಟಿನವರೆಗೆ ಹೋಯಿತು. ಆರೋಗ್ಯ ಪ್ರೋತ್ಸಾಹಕನ ಕೆಲಸದಲ್ಲಿ ಅಂಥ ಯಶಸ್ಸು ಹಿಂದೆ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಿಲ್ಲ.

ಡಾಕ್ಟರ್ ಶೈಲಶ್ರೀ ಚಪ್ಪಾಳೆ ತಟ್ಟಲಿಲ್ಲ. ಇನ್ನೊಂದು ಬೆರಳಿಗೆ ತಾವೇ ಚುಚ್ಚಿ ನೋಡಿದರು. ಆಮೇಲೆ ಪರಪ್ಪನನ್ನು ಶಾಮಿಯಾನದ ಹಿಂದಕ್ಕೆ ಕರೆದು ಕುರ್ಚಿಯಲ್ಲಿ ಕೂರಿಸಿದರು.

"ನೀರಡಿಕೆ ಭಾಳ ಆಗ್ತದೇನ್ರಿ?"

"ಆಗತೈತ್ರಿ," ಎಂದ ಪರಪ್ಪ ಹೆಮ್ಮೆಯಿಂದ. "ಕೊಡಾ ನೀರು ಕುಡಿತೇನಿ."

"ಪದೇ ಪದೇ ಮೂತ್ರಕ್ಕೆ ಹೋಗ್ತೀರಾ?"

"ರಾತ್ರಿ ಸುದ್ದಾ ಏಳ್ತೇನ್ರಿ. ಒಳಗಿನ ಹೊಲಸ ಎಲ್ಲಾ ಹೊರಗ."

"ತೂಕ ಇಳಿದಿದೆಯಾ?"

"ಎಲ್ಲಾ ಪ್ಯಾಂಟು ಸಡ್ಲ ಆಗ್ಯಾವ್ರಿ! ಅಧ್ಯಕ್ಷರನ್ನ ಕೇಳ್ರಿ ಬೇಕಾದ್ರ."

ಡಾಕ್ಟರು ಅವನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಪರಪ್ಪನವರೇ, ಇದು ಸಕ್ಕರೆ ಕಾಯಿಲೆ. ಮಶೀನು ಹಾಯ್ ಅನ್ನಲಿಲ್ಲ. ಹೈ ಅಂತು. ಅಂದ್ರೆ ಅದಕ್ಕೆ ಅಳೆಯೋಕೆ ಆಗದಷ್ಟು ಮೇಲೆ ಇದೆ. ನೀವು ನಡೆದು ಕರಗಿಲ್ಲ, ಕಾಯಿಲೆಯಿಂದ ಕರಗಿದೀರಿ. ಈಗಲೇ ವಿಜಾಪುರಕ್ಕೆ ಹೋಗಿ ದಾಖಲಾಗಬೇಕು. ನಾಳೆ ಅಂದ್ರೆ ಆಗೋದಿಲ್ಲ."

ಶಾಮಿಯಾನದ ಆ ಕಡೆಯಿಂದ ನಗು, ಗದ್ದಲ, ಮಶೀನಿನ ಕೀಂ ಕೀಂ ಕೇಳಿಸುತ್ತಿತ್ತು. ಪರಪ್ಪನಿಗೆ ಮೊದಲು ಬಂದದ್ದು ಸಾವಿನ ಭಯವಲ್ಲ, ನಾಚಿಕೆ.

"ಡಾಕ್ಟರ, ಇದನ್ನ ಯಾರಿಗೂ ಹೇಳಬ್ಯಾಡ್ರಿ," ಎಂದ. "ಸಾಲು ಒಡೀತೈತಿ. ಎಲ್ಲಾರೂ ಹೊಳ್ಳಿ ಹೋಗ್ತಾರ."

ಆದರೆ ಅಧ್ಯಕ್ಷರಿಗೆ ಹೇಳಲೇಬೇಕಿತ್ತು. ಸಂಗಣ್ಣನವರು ಕೇಳಿ ಕಣ್ಣು ಪಿಳುಕಿಸಿದರು. "ಸಂಜಿಗಿ ಬಿರುದು ಕೊಡೂದೈತ್ರಿ. ಪೇಪರಿನವ್ರ ಬರ್ತಾರ. ಬಿರುದು ತಗೊಂಡ ಹೋಗಲಿ. ಮೂರ ತಾಸಿನ್ಯಾಗ ಏನಾಗತೈತಿ?"

"ಏನು ಬೇಕಾದರೂ ಆಗಬಹುದು," ಎಂದರು ಡಾಕ್ಟರು.

"ಆರೋಗ್ಯ ರತ್ನನs ದವಾಖಾನಿಗಿ ಹ್ವಾದ ಅಂದ್ರ ಕಾರ್ಯಕ್ರಮದ ಮಾನಾ ಏನ ಉಳೀತು?"

ಈ ಮಾತು ನಡೆದಾಗ ಜಯಮಾಲಾ ಡಾಕ್ಟರಿಗೆ ಚಹಾ ತಂದವಳು ಅಲ್ಲೇ ನಿಂತಿದ್ದಳು. ಅವಳು ಚಹಾದ ತಟ್ಟೆಯನ್ನು ಅಧ್ಯಕ್ಷರ ಕೈಗೇ ಕೊಟ್ಟಳು. ನೇರ ಗೋದಾಮಿಗೆ ಹೋಗಿ ಶಮಶುದ್ದೀನನನ್ನು ಕರೆದಳು. ಸಂಘದ ಜೀಪಿನ ಚಾವಿ ಅವನ ಹತ್ತಿರ ಇರುತ್ತಿತ್ತು.

"ಭಾಯ್, ಪರಪ್ಪಣ್ಣಾರ್ನ ವಿಜಾಪುರಕ್ಕ ಒಯ್ಯಬೇಕು. ಈಗs."

"ಯಾರ ಪರವಾನಗಿ?"

"ನಂದು."

ಶಮಶುದ್ದೀನ ಅವಳ ಮುಖ ನೋಡಿದ. ಮತ್ತೇನೂ ಕೇಳದೆ ಜೀಪು ತೆಗೆದ. ದಾರಿಯಲ್ಲಿ ಗುರವ್ವನನ್ನು ಹತ್ತಿಸಿಕೊಂಡರು. ಗುರವ್ವ ಅಳಲಿಲ್ಲ. ದಾರಿಯುದ್ದಕ್ಕೂ ಗಂಡನನ್ನು ಬೈದಳು. ದೇವರಹಿಪ್ಪರಗಿ ದಾಟಿದ ಮೇಲೆ ಪರಪ್ಪ ಕೇಳಿದ:

"ಭಾಯ್, ನೀವು ಬರೂಮುಂದ ಸಾಲು ಹಂಗs ಇತ್ತೇನ್ರಿ?"

"ಗೇಟ ದಾಟಿತ್ರಿ ಅಣ್ಣಾ. ಹಾದೀಲೆ ಹೋಗೂ ಮಂದೀನೂ ನಿಂತಿದ್ರು," ಎಂದ ಶಮಶುದ್ದೀನ ಮುಂದೆ ನೋಡುತ್ತಲೇ. "ನಾನs ನಿಂತಿದ್ದೆ. ನಿಮ್ಮ ಸಲುವಾಗಿ ನನ್ನ ಪಾಳಿ ಹೋತು."

ಪರಪ್ಪ ಕಣ್ಣು ಮುಚ್ಚಿದ. ಗುರವ್ವ ಅವನ ತಲೆಯನ್ನು ತನ್ನ ಹೆಗಲ ಮೇಲೆ ಎಳೆದುಕೊಂಡಳು. ಬೈಗುಳ ನಿಲ್ಲಿಸಲಿಲ್ಲ, ದನಿ ಮಾತ್ರ ಸಣ್ಣದು ಮಾಡಿದಳು.

ಆ ಸಂಜೆ 'ಆರೋಗ್ಯ ರತ್ನ' ಬಿರುದನ್ನು ಅವನ ಪರವಾಗಿ ಮ್ಯಾನೇಜರ್ ರೇವಣಪ್ಪ ಸ್ವೀಕರಿಸಿದ. ಶಾಲು, ಹಾರ, ಹಣ್ಣಿನ ಬುಟ್ಟಿ. ಮರುದಿನದ ಪತ್ರಿಕೆಯಲ್ಲಿ ರೇವಣಪ್ಪನ ಹೊಟ್ಟೆಯ ಫೋಟೋ ಬಂದಿತ್ತು. ಕೆಳಗೆ, ಯೋಗಸಾಧಕ ಪರಪ್ಪ ಎಂದು ಅಚ್ಚಾಗಿತ್ತು.

ಪರಪ್ಪ ಬದುಕಿದ. ಇನ್ನೂ ಎರಡು ದಿನ ತಡವಾಗಿದ್ದರೆ ಮಂಪರು ಬಂದು ಏಳುತ್ತಿರಲಿಲ್ಲ ಎಂದರು ಅಲ್ಲಿಯ ಡಾಕ್ಟರು. ಹೊಟ್ಟೆಗೆ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿಸಿ, ಆ ಅಂಗೈಯಗಲದ ಮಶೀನಿನಂಥದ್ದೇ ಒಂದನ್ನು ಕೊಳ್ಳಲು ಹೇಳಿ, ಮನೆಗೆ ಕಳಿಸಿದರು. ಕೆಲವು ವಾರಗಳಲ್ಲಿ ಅವನ ಮೈ ತುಂಬಿಕೊಂಡಿತು. ಕೆನ್ನೆ ಬಂದವು. ಪ್ಯಾಂಟು ಲಾಡಿ ಇಲ್ಲದೆ ನಿಂತಿತು. ಕಣ್ಣಿನ ಮಂಜು ಹೋಯಿತು.

ಅಷ್ಟರಲ್ಲಿ ಸಂಘದಲ್ಲಿ ಎಲ್ಲರಿಗೂ ವಿಷಯ ತಿಳಿದಿತ್ತು, ಮತ್ತು ಎಲ್ಲರೂ ಒಂದು ನಿರ್ಣಯಕ್ಕೆ ಬಂದಿದ್ದರು. ಪರಪ್ಪನಿಗೆ ಸಕ್ಕರೆ ಕಾಯಿಲೆ ಬಂದದ್ದು ನಡೆದದ್ದರಿಂದ.

"ಚಂದಂಗ ಇದ್ದ ಮನಷ್ಯಾ," ಎಂದ ಖಂಡೆಪ್ಪ. "ಸೀಟಿ ಕೊರಳಾಗ ಹಾಕಿದ್ರು, ಸಕ್ಕರಿ ಮೈಯಾಗ ಬಂತು."

ಪರಪ್ಪ ಕೆಲಸಕ್ಕೆ ಬಂದ ದಿನ ಎಲ್ಲರನ್ನೂ ನಿಲ್ಲಿಸಿ ಹೇಳಲು ನೋಡಿದ. ಬ್ಯಾನಿ ಮೊದಲೇ ಇತ್ತು, ಕಾರ್ಯಕ್ರಮ ಇಲ್ಲದಿದ್ದರೆ ಬೆರಳು ಕೊಡುತ್ತಿರಲಿಲ್ಲ, ಬೆರಳು ಕೊಡದಿದ್ದರೆ ಇವತ್ತು ಇರುತ್ತಿರಲಿಲ್ಲ ಎಂದು. ಆದರೆ ಅವನ ಕೊರಳಲ್ಲಿ ಈಗ ಸೀಟಿ ಇರಲಿಲ್ಲ, ಮೈಯಲ್ಲಿ ಆ ತೆಳುವೂ ಇರಲಿಲ್ಲ. ಹಳೆಯ ದಿನಗಳಂತೆ ಅವನ ವಾಕ್ಯವನ್ನು ಬೇರೆಯವರು ಮುಗಿಸಿದರು. ಬಯಲು ಖಾಲಿಯಾಯಿತು. ಅಧ್ಯಕ್ಷರು ಸುತ್ತೋಲೆ ಹೊರಡಿಸಿ, ಸಿಬ್ಬಂದಿಯ ಆರೋಗ್ಯದ ಹಿತದೃಷ್ಟಿಯಿಂದ ಆರೋಗ್ಯ ಕಾರ್ಯಕ್ರಮವನ್ನು ನಿಲ್ಲಿಸಲಾಗಿದೆ ಎಂದು ತಿಳಿಸಿದರು. ಹಿಂದಿನ ಕೋಣೆಯಲ್ಲಿ ಮತ್ತೆ ಬೀಜದ ಚೀಲ ಬಂದವು. ಜಯಮಾಲಾ ಮಾತ್ರ ಮಧ್ಯಾಹ್ನ ಚೀಲಗಳ ನಡುವೆ ಜಾಗ ಮಾಡಿಕೊಂಡು ಒರಗುವುದನ್ನು ಬಿಡಲಿಲ್ಲ.

ಸಾಲಿನಲ್ಲಿ ನಿಂತು ಬೆರಳು ಕೊಟ್ಟವರ ವರದಿಗಳೂ ಬಂದಿದ್ದವು. ಕೆಲವರು ಅವನ್ನು ಓದಿ ಮಡಿಚಿ ಕಿಸೆಯಲ್ಲಿಟ್ಟುಕೊಂಡು ಸುಮ್ಮನಾಗಿದ್ದರು. ಅವರು ಒಬ್ಬೊಬ್ಬರಾಗಿ, ಬೇರೆಯವರು ಇಲ್ಲದಾಗ, ಪರಪ್ಪನ ಮೇಜಿನ ಹತ್ತಿರ ಸುಳಿಯತೊಡಗಿದರು. ಖಂಡೆಪ್ಪ ಬಂದು, ತನ್ನ ಗೆಳೆಯನೊಬ್ಬನಿಗೆ ಸಕ್ಕರೆ ಇದೆಯಂತೆ, ಅವನು ಏನು ತಿನ್ನಬೇಕು ಎಂದು ಕೇಳಿದ. ಪರಪ್ಪ ಆ ಗೆಳೆಯನ ಹೆಸರು ಕೇಳಲಿಲ್ಲ. ಈಗ ಅವನು ಭಾಷಣ ಮಾಡುತ್ತಿರಲಿಲ್ಲ. "ಸೋಮವಾರ ನಾ ವಿಜಾಪುರದ ದವಾಖಾನಿಗಿ ಹೊಂಟೇನಿ. ನಿಮ್ಮ ಗೆಳ್ಯಾಗೂ ಬಾ ಅನ್ರಿ," ಎಂದಷ್ಟೇ ಹೇಳಿದ. ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ ಖಂಡೆಪ್ಪನೇ ನಿಂತಿದ್ದ.

ಒಂದು ಸಂಜೆ ಪರಪ್ಪನ ಮನೆಗೆ ಸಂಗಣ್ಣನವರು ಒಬ್ಬರೇ ನಡೆದು ಬಂದರು. ಅಧ್ಯಕ್ಷರು ನಡೆದು ಬಂದದ್ದನ್ನು ಆ ಓಣಿ ಕಂಡಿರಲಿಲ್ಲ. ಅವರು ಒಳಗೆ ಬಂದವರೇ ಬಾಗಿಲು ಮುಚ್ಚಿದರು. ಪಡಸಾಲೆಯ ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಂಡರು.

"ಪರಪ್ಪಾ, ನಿನ್ನ ಕಡೆ ಆ ಮಶೀನ ಐತಂತಲ್ಲ."

"ಐತ್ರಿ."

ಸಂಗಣ್ಣನವರು ಬೆರಳು ಚಾಚಿ, ಮುಖ ಗೋಡೆಯ ಕಡೆ ತಿರುಗಿಸಿದರು. ಪರಪ್ಪ ಚುಚ್ಚಿದ. ಬಂದ ಅಂಕಿಯನ್ನು ಓದಿ ಹೇಳಲಿಲ್ಲ. ಮಶೀನನ್ನು ಅವರ ಮುಂದೆ ಹಿಡಿದ. ಅವರು ನೋಡಿ ತಲೆ ತಗ್ಗಿಸಿದರು.

"ಪುಣಾದಾಗs ಹೇಳಿದ್ರೋ," ಎಂದರು ಸಣ್ಣ ದನಿಯಲ್ಲಿ. "ತರಬೇತಿ ಮುಗಿದ ಮ್ಯಾಲೆ ಚಕ್ಕರ ಬಂದು ಬಿದ್ದೆ. ದವಾಖಾನಿಗಿ ಹಾಕಿದ್ರು. ಸಕ್ಕರಿ ಐತಿ, ದಿನಾ ನಡೀರಿ ಅಂದ್ರು. ಊರಿಗಿ ಬಂದು ಒಬ್ಬನs ನಡದ್ರ ಮಂದಿ ಯಾಕ ಅಂತ ಕೇಳ್ತಾರ. ಸಂಘದ ಚುನಾವಣಿ ಹತ್ರ ಬಂದೈತಿ, ಅಧ್ಯಕ್ಷಗ ಬ್ಯಾನಿ ಐತಿ ಅಂದ್ರ ಮುಗೀತು. ಎಲ್ಲಾರೂ ನಡ್ಯಾಕ ಹತ್ತಿದ್ರ ನಡುವ ನಾನೂ ಒಬ್ಬ. ಯಾರ ಕೇಳ್ತಾರ? ಅದಕ್ಕs ಎಲ್ಲಾರಿಗೂ ಹಚ್ಚಿದೆ."

ಪರಪ್ಪ ಮಶೀನನ್ನು ಕೆಳಗಿಟ್ಟ. "ಆದ್ರ ನೀವು ಒಂದ ದಿನಾನೂ ಬರಲಿಲ್ಲಲ್ರಿ, ಅಧ್ಯಕ್ಷರ?"

"ಮುಂಜಾನಿ ಏಳಾಕ ಆಗ್ಲಿಲ್ಲೋ," ಎಂದರು ಸಂಗಣ್ಣನವರು.

ಒಳಗಿನಿಂದ ಗುರವ್ವ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಪರಪ್ಪನಿಗೂ ನಗು ಬಂತು, ಸಿಟ್ಟೂ ಬಂತು. ಈ ಒಬ್ಬ ಮನುಷ್ಯನ ನಾಚಿಕೆಗಾಗಿ ನಾಲ್ಕು ತಾಲೂಕು ನಡೆದಿತ್ತು. ಆದರೆ ನಾಚಿಕೆ ಎಂದರೆ ಏನೆಂದು ಶಾಮಿಯಾನದ ಹಿಂದಿನ ಕುರ್ಚಿಯಲ್ಲಿ ಅವನಿಗೂ ತಿಳಿದಿತ್ತು. ಸಿಟ್ಟನ್ನು ಬಿಟ್ಟ.

"ಸೋಮವಾರ ನಡೀರಿ ನನ್ನ ಕೂಡ," ಎಂದ.

"ಜೀಪ ಬ್ಯಾಡ. ಗುರ್ತ ಹಿಡಿತಾರ. ಬಸ್ಸಿಗಿ ಹೋಗೂಣು."

ಸೋಮವಾರ ಸಂಗಣ್ಣನವರು ತಲೆಗೆ ಟಾವೆಲ್ ಸುತ್ತಿಕೊಂಡು, ಕರಿ ಕನ್ನಡಕ ಹಾಕಿಕೊಂಡು, ಸಿಂದಗಿಯ ಬಸ್ ಸ್ಟ್ಯಾಂಡಿಗೆ ಬಂದರು. ಅವರ ಗಾತ್ರದ ಇನ್ನೊಬ್ಬ ಮನುಷ್ಯ ತಾಲೂಕಿನಲ್ಲಿ ಇರಲಿಲ್ಲ. ಬಸ್ ಹತ್ತುವಾಗ ಕಂಡಕ್ಟರ್ ಜಾಗ ಬಿಡುತ್ತ, "ಬರ್ರಿ ಅಧ್ಯಕ್ಷರ! ಪರಪ್ಪಣ್ಣಾರ ಕೂಡ ಹೊಂಟೀರಿ ಅಂದ್ರ ಸಕ್ಕರಿ ದವಾಖಾನಿಗೇನು?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೇಳಿದ.

ಸಂಗಣ್ಣನವರು ಟಾವೆಲನ್ನು ಇನ್ನೂ ಕೆಳಗೆ ಎಳೆದುಕೊಂಡರು. ಆದರೆ ಬಸ್ಸು ಊರು ಬಿಡುವ ಮೊದಲೇ ಮುಂದಿನ ಸೀಟಿನ ಮುದುಕ ತಿರುಗಿ, ತನಗೆ ಹದಿನೈದು ವರ್ಷದಿಂದ ಇದೆ, ಹಾಗಲಕಾಯಿ ರಸ ಕುಡಿಯಬೇಕು ಎಂದ. ಪಕ್ಕದ ಹೆಣ್ಣುಮಗಳು ಮೆಂತೆ ನೆನೆಸಿ ತಿನ್ನಬೇಕು ಎಂದಳು. ಅವಳ ಗಂಡನಿಗೆ ಇತ್ತು. ಹಿಂದಿನ ಸೀಟಿನ ಇಬ್ಬರು ಮಾಸ್ತರರಿಗೆ ಇತ್ತು. ಕಂಡಕ್ಟರನ ಅವ್ವನಿಗೂ ಇತ್ತು. ಯಾರೂ ಚುನಾವಣೆಯ ಮಾತೆತ್ತಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ಔಷಧ ಹೇಳುವ ಅವಸರ. ಸಂಗಣ್ಣನವರು ಮೊದಲು ಕನ್ನಡಕ ತೆಗೆದರು. ಆಮೇಲೆ ಟಾವೆಲ್ ಬಿಚ್ಚಿದರು. ದೇವರಹಿಪ್ಪರಗಿ ಬರುವಷ್ಟರಲ್ಲಿ ಸೀಟಿನಲ್ಲಿ ತಿರುಗಿ ಕುಳಿತು, ಹಾಗಲಕಾಯಿಯಿಂದ ಏನೂ ಆಗುವುದಿಲ್ಲ, ಮುಂಜಾನೆ ಎದ್ದು ನಡೆಯಬೇಕು, ನಡಿಗೆಯೇ ಮುಖ್ಯ ಎಂದು ಮಾಸ್ತರರಿಗೆ ದೊಡ್ಡ ದನಿಯಲ್ಲಿ ತಿಳಿಸಿ ಹೇಳುತ್ತಿದ್ದರು.

ಪರಪ್ಪ ಗಡಿಯಾರ ನೋಡಿಕೊಂಡ. ಡಾಕ್ಟರು ಗೊತ್ತುಮಾಡಿದ ಊಟದ ವೇಳೆಯಾಗಿತ್ತು. ಗುರವ್ವ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ, ಕಿಟಕಿಯ ಕಡೆ ತಿರುಗಿ, ನಿಧಾನವಾಗಿ ತಿನ್ನತೊಡಗಿದ.